ಮೂರು ಪರ್ಸೆಂಟ್ ಯಾವುದರ ಮೇಲೆ?

ಪುಟ್ಟಾ,

ನೀನು ಸುಳ್ಳು ಹೇಳಿಲ್ಲ. "ಅತ್ತೆ, ಇದರಲ್ಲಿ 97 ಪರ್ಸೆಂಟ್ ವಾಪಸ್ ಬರುತ್ತೆ. ಅವರು ಇಟ್ಕೊಳ್ಳೋದು ಬರೀ ಮೂರು. ನಿಮ್ಮ ಬ್ಯಾಂಕು ಪರ್ಸನಲ್ ಲೋನಿಗೆ ಅದರ ನಾಲ್ಕು ಪಟ್ಟು ತಗೊಳ್ಳಲ್ವಾ?" ಅಂದೆಯಲ್ಲ, ಆ ಅಂಕಿ ಇರುವುದು ನಿಜ. ವಿಮಾನ ಮೇಲೇರುತ್ತಾ ಹೋಗಿ ಯಾವ ಕ್ಷಣದಲ್ಲಾದರೂ ಮಾಯವಾಗುವ ಆ ಥರದ ಆಟಗಳಿಗೆ ತಯಾರಿಸಿದವರೇ ಸಾಮಾನ್ಯವಾಗಿ ಪ್ರಕಟಿಸುವ ಲೆಕ್ಕ 97. ಹುಡುಗ ಅಂಕಿ ನೋಡಿ ಮಾತಾಡುತ್ತಿದ್ದಾನೆ ಅಂತ ನನಗೆ ಒಳಗೊಳಗೇ ಖುಷಿಯೂ ಆಯಿತು. ಆದರೆ ಬ್ಯಾಂಕಿನ ಕೌಂಟರಿನಲ್ಲಿ ಕೂತು ಬಂದವಳಿಗೆ ಒಂದು ಚಟ. ಯಾರಾದರೂ ಪರ್ಸೆಂಟ್ ಅಂದ ಕೂಡಲೇ ಯಾವುದರ ಮೇಲೆ, ಎಷ್ಟು ದಿನಕ್ಕೆ ಅಂತ ಕೇಳಿಬಿಡುತ್ತೇನೆ. ಬ್ಯಾಂಕಿನ ಹನ್ನೆರಡು ಅಸಲಿನ ಮೇಲೆ, ವರ್ಷಕ್ಕೆ. ನಿನ್ನ ಮೂರು?

ನೀನು ವ್ಯಾಲೆಟ್ಟಿಗೆ ಹಾಕಿದ ಸಾವಿರದ ಮೇಲಲ್ಲ ಅದು. ಕಟ್ಟಿದ ಪ್ರತಿಯೊಂದು ಬೆಟ್ಟಿನ ಮೇಲೆ. ಸುತ್ತು ಮುಗಿದು ದುಡ್ಡು ಕೈಗೆ ಬಂದು ಮತ್ತೆ ಕಟ್ಟಿದರೆ ಮತ್ತೆ ಮೂರು. ಹಿಟ್ಟಿನ ಗಿರಣಿಗೆ ಜೋಳ ಒಯ್ದಾಗ ಒಂದು ಹಿಡಿ ಗಿರಣಿಯಲ್ಲೇ ಉಳಿಯುತ್ತದೆ, ಅದಕ್ಕೆ ಯಾರೂ ಜಗಳ ಆಡುವುದಿಲ್ಲ. ಆದರೆ ಅದೇ ಹಿಟ್ಟನ್ನು ಮತ್ತೆ ಮತ್ತೆ ಬೀಸಲು ಕೊಟ್ಟರೆ? ನೂರಕ್ಕೆ ಮೂರರಂತೆ ಉಳಿಯುತ್ತಾ ಹೋದರೆ 23ನೇ ಸಲಕ್ಕೆ ಅರ್ಧ ಚೀಲ ಗಿರಣಿಯವನದ್ದು.

ಈಗ ನಿನ್ನ ಫೋನಿನ ಲೆಕ್ಕ ಹಾಕೋಣ. ವ್ಯಾಲೆಟ್ಟಿನಲ್ಲಿ 1000 ಇದೆ. ಒಂದು ಸುತ್ತಿಗೆ 20 ರೂಪಾಯಿ ಕಟ್ಟುತ್ತೀಯ. ಸುತ್ತು ಮುಗಿಯಲು ಇಪ್ಪತ್ತು ಸೆಕೆಂಡು ಅಂತ ಇಟ್ಟುಕೋ. ಗಂಟೆಗೆ 180 ಸುತ್ತು, ಕಟ್ಟಿದ ಒಟ್ಟು ಮೊತ್ತ 3600. ಅದರ ಮೂರು ಪರ್ಸೆಂಟ್ ಅಂದರೆ 108 ರೂಪಾಯಿ. ನಿನ್ನ ಹತ್ತಿರ ಇದ್ದದ್ದೇ ಸಾವಿರ, ಹಾಗಾಗಿ ಅದು ಗಂಟೆಗೆ ಹನ್ನೊಂದು ಪರ್ಸೆಂಟಿನ ಹತ್ತಿರ ಬಂತು. ಬ್ಯಾಂಕು ವರ್ಷಕ್ಕೆ ಹನ್ನೆರಡು ತಗೊಂಡರೆ ನೀನು ನಮ್ಮನ್ನು ಬಡ್ಡಿಕೋರರು ಅನ್ನುತ್ತೀಯ.

ಈ ಮೂರು ಪರ್ಸೆಂಟಿನ ಪಾಲಿಗೆ ಆಟ ನಡೆಸುವವರ ಭಾಷೆಯಲ್ಲಿ ಹೌಸ್ ಎಡ್ಜ್ ಅಂತ ಹೆಸರು. ನಮ್ಮ ಕಡೆಯ ಮಾತಿನಲ್ಲಿ ಅಡ್ಡೆಯವನ ಪಾಲು ಅಂದುಕೋ. ಅದು ಎಲ್ಲಿ ಅಡಗಿರುತ್ತದೆ ಅಂತ ತೋರಿಸುತ್ತೇನೆ. ಮೋಸದಲ್ಲಲ್ಲ, ಕೊಡುವ ದರದಲ್ಲಿ.

ಯುಗಾದಿಯ ದಿನ ಅಜ್ಜಿಮನೆ ಪಡಸಾಲೆಯಲ್ಲಿ ಅಂದರ್-ಬಾಹರ್ ಆಡಿದ್ದೀಯಲ್ಲ. ಅಲ್ಲಿ ನೂರಕ್ಕೆ ನೂರು. ನಿನ್ನ ಚಿಕ್ಕಪ್ಪ ಸೋತದ್ದು ನಿನ್ನ ಮಾವನ ಜೇಬಿನಲ್ಲಿರುತ್ತದೆ, ಸಂಜೆ ಅದೇ ದುಡ್ಡಿನಲ್ಲಿ ಬೋಂಡ ಬರುತ್ತದೆ. ಫೋನಿನ ಅಂದರ್-ಬಾಹರ್ ನೋಡು. ಮೊದಲ ಎಲೆ ಅಂದರ್ ಕಡೆಗೆ ಬೀಳುವುದರಿಂದ ಅಂದರ್ ಗೆಲ್ಲುವುದು ನೂರಕ್ಕೆ 51.5 ಸಲ. ಅದು ಗೊತ್ತಿರುವುದರಿಂದಲೇ ಅಂದರ್‌ಗೆ ನೂರು ಕಟ್ಟಿ ಗೆದ್ದವನಿಗೆ 90 ಮಾತ್ರ ಕೊಡುತ್ತಾರೆ. ಬಾಹರ್‌ಗೆ ಪೂರ್ತಿ ನೂರು, ಆದರೆ ಅದು ಬರುವುದು 48.5 ಸಲ. ಲೆಕ್ಕ ಮಾಡಿದರೆ ಅಂದರ್ ಕಡೆ ನೂರಕ್ಕೆ 2.15, ಬಾಹರ್ ಕಡೆ 3 ಅವರಿಗೆ. ಎರಡೂ ಬಾಗಿಲಲ್ಲಿ ಒಬ್ಬೊಬ್ಬ ವಸೂಲಿಗಾರ.

ವಿಮಾನದ ಆಟದಲ್ಲಿ ಇದು ಇನ್ನೂ ಅಚ್ಚುಕಟ್ಟು. ನೀನು ಬಹಳ ಹೆಮ್ಮೆಯಿಂದ "ನಾನು ದುರಾಸೆ ಪಡಲ್ಲ, 1.10ಕ್ಕೇ ಕ್ಯಾಶ್‌ಔಟ್ ಮಾಡಿಬಿಡ್ತೀನಿ" ಅಂದೆ. ವಿಮಾನ ಒಂದು ಎತ್ತರ ಮುಟ್ಟುವ ಸಂಭವ ತಿಳಿಯಬೇಕಾದರೆ 97ನ್ನು ಆ ಎತ್ತರದಿಂದ ಭಾಗಿಸಬೇಕು. 1.10 ಮುಟ್ಟುವುದು ನೂರಕ್ಕೆ 88 ಸಲ. ನೂರು ರೂಪಾಯಿಯಂತೆ ನೂರು ಸುತ್ತು ಆಡಿದರೆ 88 ಸಲ ಹತ್ತು ಹತ್ತು ರೂಪಾಯಿ ಬಂದು 880 ಆಯಿತು. ಉಳಿದ 12 ಸಲ ನೂರು ನೂರು ಹೋಗಿ 1200 ಆಯಿತು. ದಶಮಾಂಶವನ್ನೂ ಸೇರಿಸಿ ಕರಾರುವಾಕ್ಕಾಗಿ ಹಾಕಿದರೆ ನಷ್ಟ 300. ಸರಿ, ಎರಡು ಪಟ್ಟಿಗೆ ಇಳಿಯುತ್ತೀಯಾ? 48.5 ಸಲ ನೂರು ಬರುತ್ತದೆ, 51.5 ಸಲ ನೂರು ಹೋಗುತ್ತದೆ. ನಷ್ಟ 300. ಧೈರ್ಯ ಮಾಡಿ ಹತ್ತು ಪಟ್ಟಿನವರೆಗೂ ಕಾಯುತ್ತೀಯಾ? 9.7 ಸಲ 900ರಂತೆ 8730 ಬಂತು, 90.3 ಸಲ ನೂರರಂತೆ 9030 ಹೋಯಿತು. ಮತ್ತೆ 300. ನಿನ್ನ ಎಚ್ಚರಿಕೆ, ನಿನ್ನ ಧೈರ್ಯ, ಬೆರಳು ಒತ್ತುವ ಟೈಮಿಂಗು, ಇವು ಯಾವುದಕ್ಕೂ ಆ ಮುನ್ನೂರು ಅಲ್ಲಾಡುವುದಿಲ್ಲ. ಕ್ಯಾಶ್‌ಔಟ್ ಗುಂಡಿ ನಿನ್ನ ಕೈಯಲ್ಲಿರುವುದರಿಂದ ಆಟವೂ ನಿನ್ನ ಕೈಯಲ್ಲಿದೆ ಅನ್ನಿಸುತ್ತದೆ. ಆ ಗುಂಡಿಯಿಂದ ಬದಲಾಗುವುದು ಒಂದೇ: ದುಡ್ಡು ಚೂರು ಚೂರಾಗಿ ಹೋಗಬೇಕೋ, ಒಮ್ಮೆಗೇ ಹೋಗಬೇಕೋ ಅನ್ನುವುದು.

ಇನ್ನೊಂದು ವಿಷಯ. ನಮ್ಮ ಕಾಲದಲ್ಲಿ ಬೀಡಾ ಅಂಗಡಿಯ ಪಕ್ಕದಲ್ಲಿ ಓಸಿ, ಅಂದರೆ ಮಟ್ಕಾ ಚೀಟಿ, ಬರೆಯುವವನೊಬ್ಬ ಇರುತ್ತಿದ್ದ. ಅವನ ಪಾಲು ಇದಕ್ಕಿಂತ ಎಷ್ಟೋ ಹೆಚ್ಚು. ಜೋಡಿ ನಂಬರು ನೂರರಲ್ಲಿ ಒಂದು ಬೀಳಬೇಕು, ಅವನು ಕೊಡುತ್ತಿದ್ದದ್ದು ಒಂದಕ್ಕೆ ಎಂಬತ್ತೋ ತೊಂಬತ್ತೋ. ಅಂದರೆ ನೂರಕ್ಕೆ ಹತ್ತರಿಂದ ಇಪ್ಪತ್ತು ಅವನಿಗೆ. ಮೂರರ ಮುಂದೆ ಅದು ದರೋಡೆಯಂತೆ ಕಾಣುತ್ತದೆ. ಆದರೂ ದಿನಕ್ಕೆ ಇಪ್ಪತ್ತು ರೂಪಾಯಿಯ ಚೀಟಿ ಬರೆಸುವವನು ಸರಾಸರಿ ಕಳೆದುಕೊಳ್ಳುತ್ತಿದ್ದದ್ದು ಎರಡರಿಂದ ನಾಲ್ಕು ರೂಪಾಯಿ. ಯಾಕೆ? ಓಪನ್ ನಂಬರು ಒಂದು ಹೊತ್ತಿಗೆ, ಕ್ಲೋಸ್ ನಂಬರು ಇನ್ನೊಂದು ಹೊತ್ತಿಗೆ. ನಡುವೆ ಆತ ಗಾರೆ ಕೆಲಸಕ್ಕೋ ಗದ್ದೆಗೋ ಹೋಗಿ ಬರಲೇಬೇಕಿತ್ತು. ಅದೇ ಇಪ್ಪತ್ತು ರೂಪಾಯಿಯ ಬೆಟ್ಟಿನಲ್ಲಿ ನಿನಗೆ ಗಂಟೆಗೆ 108. ಓಸಿಯನ್ನು ಒಳ್ಳೆಯದು ಅನ್ನುತ್ತಿಲ್ಲ, ಅದರಿಂದ ಹಾಳಾದ ಮನೆಗಳನ್ನು ನಮ್ಮ ಬೀದಿಯಲ್ಲೇ ಕಂಡಿದ್ದೇನೆ. ಪಾಲು ಎಷ್ಟು ಅಂತ ಮಾತ್ರ ನೋಡುವವನು ಅರ್ಧ ನೋಡಿದ ಹಾಗೆ. ನಿಮಿಷಕ್ಕೆ ಎಷ್ಟು ಸಲ ಅನ್ನುವುದು ಉಳಿದರ್ಧ.

ಈ ಮಾತನ್ನು ನಾನು ಹೊಸದಾಗಿ ಹುಡುಕಿದ್ದಲ್ಲ, ಸರ್ಕಾರಕ್ಕೆ ಗೊತ್ತಿದ್ದದ್ದೇ. ಲಾಟರಿಗಳ ಮೇಲೆ 1998ರಲ್ಲಿ ಬಂದ ಕೇಂದ್ರದ ಕಾಯ್ದೆಯಲ್ಲಿ ಒಂದಂಕಿ ಲಾಟರಿ ಕೂಡದು ಅಂತಿದೆ. ಜೊತೆಗೆ ಒಂದು ಲಾಟರಿಗೆ ವಾರಕ್ಕೆ ಒಂದಕ್ಕಿಂತ ಹೆಚ್ಚು ಡ್ರಾ ಇರಬಾರದು ಅಂತಲೂ ಇದೆ. ಬಹುಮಾನಕ್ಕಷ್ಟೇ ಅಲ್ಲ, ವೇಗಕ್ಕೂ ಲಗಾಮು. ಕರ್ನಾಟಕ 2007ರಲ್ಲಿ ಲಾಟರಿಯನ್ನೇ ನಿಲ್ಲಿಸಿತು. ವಾರಕ್ಕೊಂದು ಡ್ರಾ ಸಾಕು ಅಂದ ದೇಶದಲ್ಲಿ ಈಗ ಇಪ್ಪತ್ತು ಸೆಕೆಂಡಿಗೊಂದು ಡ್ರಾ ನಿನ್ನ ದಿಂಬಿನ ಪಕ್ಕದಲ್ಲಿದೆ.

"ಹಾಗಾದರೆ ನನ್ನ ರೂಮ್‌ಮೇಟ್ ಗೆದ್ದನಲ್ಲ?" ಅಂತ ನೀನು ಕೇಳೇ ಕೇಳುತ್ತೀಯ. ಗೆದ್ದಿರಬಹುದು. ಗೆಲ್ಲುವವರು ಇರಲೇಬೇಕು, ಇಲ್ಲದಿದ್ದರೆ ಈ ಅಂಗಡಿ ನಡೆಯುವುದಿಲ್ಲ. ಕೆಂಪು-ಕಪ್ಪಿನ ಚಕ್ರ ತಗೋ, ರೂಲೆಟ್ಟು. 37 ಮನೆ: 18 ಕೆಂಪು, 18 ಕಪ್ಪು, ಒಂದು ಹಸಿರು ಸೊನ್ನೆ. ಆ ಸೊನ್ನೆಯೊಂದೇ ಅವರ ಪಾಲು, 37ರಲ್ಲಿ ಒಂದು, ನೂರಕ್ಕೆ 2.7. ನೂರು ಜನ ಕೂತು ಒಬ್ಬೊಬ್ಬರೂ ನೂರು ಸುತ್ತು ಕೆಂಪಿಗೇ ಒಂದೇ ಮೊತ್ತ ಕಟ್ಟಿದರೆ ಸುಮಾರು 35 ಜನ ಲಾಭದಲ್ಲೇ ಎದ್ದು ಬರುತ್ತಾರೆ. ಮೂರರಲ್ಲಿ ಒಬ್ಬರಿಗಿಂತ ಹೆಚ್ಚು! ನಿನ್ನ ಪಿಜಿಯಲ್ಲಿ ಸ್ಕ್ರೀನ್‌ಶಾಟ್ ಹಾಕುವವರು ಇವರೇ. ಉಳಿದ ಅರವತ್ತೈದು ಮಂದಿ ಸ್ಕ್ರೀನ್‌ಶಾಟ್ ಹಾಕುವುದಿಲ್ಲ. ಅದೇ ಜನ ಹತ್ತು ಸಾವಿರ ಸುತ್ತು ಆಡಿದರೆ ಲಾಭದಲ್ಲಿ ಉಳಿಯುವವರು ಸಾವಿರಕ್ಕೆ ಮೂವರು. ಹತ್ತು ಸಾವಿರ ಅಂದರೆ ಎಷ್ಟು ಕಾಲ ಅಂದುಕೊಂಡೆ? ನಿಮಿಷಕ್ಕೆ ಮೂರು ಸುತ್ತಿನಂತೆ, ದಿನಕ್ಕೆ ಎರಡು ಗಂಟೆ ಆಡುವವನಿಗೆ ಒಂದು ತಿಂಗಳೂ ಬೇಡ. ಮೊದಲಿನ ಕಾಲದಲ್ಲಿ ಜೂಜುಕೋರನಿಗೆ ಆಯುಷ್ಯವಿಡೀ ತಗಲುತ್ತಿದ್ದ ಸೋಲು ಈಗ ಒಂದು ಸಂಬಳಕ್ಕೂ ಇನ್ನೊಂದು ಸಂಬಳಕ್ಕೂ ನಡುವೆ ಮುಗಿಯುತ್ತದೆ.

ಸೋತರೆ ಡಬಲ್ ಕಟ್ಟುವ ಉಪಾಯ ನಿನ್ನ ಬಾಯಲ್ಲೂ ಬಂತು. ನೂರು ಸೋತರೆ ಇನ್ನೂರು, ಅದೂ ಹೋದರೆ ನಾನೂರು, ಯಾವಾಗಲೋ ಒಂದು ಸಲ ಗೆಲ್ಲಲೇಬೇಕಲ್ಲ ಅಂತ. ಬುದ್ಧಿವಂತ ಹುಡುಗರೆಲ್ಲ ಇದನ್ನು ತಾವೇ ಕಂಡುಹಿಡಿದೆವು ಅಂದುಕೊಳ್ಳುತ್ತಾರೆ, ಇದು ಇನ್ನೂರು ವರ್ಷಕ್ಕಿಂತ ಹಳೆಯ ಉಪಾಯ. ಏಳು ಸಲ ಒಂದೇ ಸಮನೆ ಸೋತರೆ ಕೈಬಿಟ್ಟದ್ದು 100, 200, 400, 800, 1600, 3200, 6400. ಕೂಡಿಸು, 12,700. ಏಳು ಸಲ ಸಾಲಾಗಿ ಸೋಲುವುದು ಆ ಚಕ್ರದಲ್ಲಿ ಸುಮಾರು 106ರಲ್ಲಿ ಒಂದು ಸಲ. ಅಪರೂಪ ಅನ್ನಿಸಿತೇ? ಉಳಿದ 105 ಸಲ ನಿನಗೆ ಸಿಗುವುದು ನೂರು ನೂರು, ಒಟ್ಟು 10,500. ಒಮ್ಮೆ ಹೋಗುವುದು 12,700. ಮತ್ತೆ ಆ 106 ಸರದಿ ಮುಗಿಯಲು ಫೋನಿನಲ್ಲಿ ಒಂದೂಕಾಲು ಗಂಟೆ ಸಾಕು. ಸಂಜೆ ಕಾಫಿಗೆ ಕೂತವನು ಊಟದ ಹೊತ್ತಿಗೆ ಆ ಅಪರೂಪವನ್ನು ಕಂಡು ಏಳಬಹುದು.

"ಇಷ್ಟು ಹೊತ್ತು ಕಪ್ಪೇ ಬಿದ್ದಿದೆ, ಇನ್ನು ಕೆಂಪು ಬರಲೇಬೇಕು" ಅನ್ನುವುದು ಇದರ ತಮ್ಮ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊ ಕ್ಯಾಸಿನೊದಲ್ಲಿ ಕಪ್ಪು ಸಾಲಾಗಿ 26 ಸಲ ಬಿತ್ತು. ಹದಿನೈದು ದಾಟುತ್ತಿದ್ದಂತೆ ಜನ ಮುಗಿಬಿದ್ದು ಕೆಂಪಿಗೆ ಕಟ್ಟಿದರು, ದೊಡ್ಡ ದೊಡ್ಡ ಮೊತ್ತ ಕಳೆದುಕೊಂಡರು. ಚಕ್ರಕ್ಕೆ ನೆನಪಿಲ್ಲ. ಹಿಂದಿನ ಸುತ್ತಿನಲ್ಲಿ ಏನಾಯಿತು ಅನ್ನುವುದು ನಿನ್ನ ತಲೆಯಲ್ಲಿ ಮಾತ್ರ ಇದೆ. ಆ ಆಟಗಳು ಹಿಂದಿನ ಫಲಿತಾಂಶಗಳನ್ನು ಮೇಲೆ ಬಣ್ಣ ಬಣ್ಣವಾಗಿ ಸಾಲು ಹಚ್ಚಿ ತೋರಿಸುತ್ತವಲ್ಲ, ಯಾಕೆ ಅಂತ ಯೋಚಿಸಿದ್ದೀಯಾ? ನಿನಗೆ ಅದು ಉಪಯೋಗಕ್ಕೆ ಬರುವಂತಿದ್ದರೆ ಅವರು ತೋರಿಸುತ್ತಿರಲಿಲ್ಲ.

ಕ್ರಿಕೆಟ್ಟು ಬೇರೆ, ಅದರಲ್ಲಿ ತಿಳುವಳಿಕೆ ಇದೆ ಅಂತ ನಿನ್ನ ವಾದ. ಇದೆ, ಒಪ್ಪುತ್ತೇನೆ. ಆದರೆ ದರ ನೋಡು. ಎರಡೂ ತಂಡ ಸಮಬಲ ಅನ್ನುವ ಮ್ಯಾಚಿಗೆ ಎರಡೂ ಕಡೆ 1.90 ಅಂತ ಬರೆದಿರುತ್ತದೆ. ಒಬ್ಬ ಇಲ್ಲಿ ನೂರು, ಇನ್ನೊಬ್ಬ ಅಲ್ಲಿ ನೂರು ಕಟ್ಟಿದರೆ ಬಂದದ್ದು 200, ಗೆದ್ದವನಿಗೆ ಕೊಟ್ಟದ್ದು 190. ಯಾರು ಗೆದ್ದರೂ ಬುಕ್ಕಿಗೆ ಹತ್ತು. ಅವನು ಮ್ಯಾಚ್ ನೋಡಬೇಕಾಗಿಯೂ ಇಲ್ಲ. ನೀನು ಬರೀ ಅಸಲು ಉಳಿಸಿಕೊಳ್ಳಬೇಕಾದರೂ ನೂರಕ್ಕೆ 53 ಸಲ ಸರಿಯಾಗಿ ಹೇಳಬೇಕು, ಅದೂ ಪಿಚ್ಚು, ಹವೆ, ಗಾಯಾಳುಗಳ ಲೆಕ್ಕವನ್ನೇ ಕಸುಬು ಮಾಡಿಕೊಂಡು ದರ ಇಟ್ಟವನ ಎದುರು. ನಿಜವಾಗಿ ಹೇಳಬಲ್ಲವರು ಜಗತ್ತಿನಲ್ಲಿ ಇದ್ದಾರೆ. ಅಂಥವರ ಬೆಟ್ಟಿನ ಮಿತಿಯನ್ನು ಕಂಪನಿಗಳೇ ಇಳಿಸಿಬಿಡುತ್ತವೆ. ನಿನ್ನ ಮಿತಿಯನ್ನು ಯಾರೂ ಇಳಿಸಿಲ್ಲ, ದಿನಾ ಮೆಸೇಜ್ ಕಳಿಸಿ ಕರೆಯುತ್ತಿದ್ದಾರೆ. ನಿನ್ನ ತಿಳುವಳಿಕೆಯ ಬಗ್ಗೆ ಅವರ ಅಭಿಪ್ರಾಯ ಏನು ಅಂತ ಅದರಲ್ಲೇ ಇದೆ.

ಬೋನಸ್ ಬಗ್ಗೆ ಒಂದೇ ಲೆಕ್ಕ ಹೇಳಿ ಬಿಡುತ್ತೇನೆ. 1000 ಬೋನಸ್ಸು, ಹಿಂತೆಗೆಯುವ ಮುಂಚೆ 30 ಪಟ್ಟು ಆಡಬೇಕು ಅನ್ನುವಂಥ ಷರತ್ತು ಸಾಮಾನ್ಯ. 30,000ದ ಮೇಲೆ ಮೂರು ಪರ್ಸೆಂಟ್ 900. ಆ ಷರತ್ತು ನೀನು ಹಾಕಿದ ಸಾವಿರಕ್ಕೂ ಸೇರಿಯೇ ಅಂತಿದ್ದರೆ 1800. ಉಡುಗೊರೆಗೆ ಈ ಬೆಲೆ.

ಮಹಾಭಾರತದ ನಳನ ಕಥೆಯನ್ನು ನಿನಗೆ ಚಿಕ್ಕವನಿದ್ದಾಗ ಹೇಳಿದ್ದೆ, ನೀನು ಅರ್ಧಕ್ಕೇ ನಿದ್ದೆ ಹೋಗಿದ್ದೆ. ಪುಷ್ಕರನ ಎದುರು ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳ, ಋತುಪರ್ಣನ ಸಾರಥಿಯಾಗಿ ರಥ ಹೊಡೆಯುವಾಗ ಆ ರಾಜ ಒಂದು ತಾರೆ ಮರವನ್ನು ನೋಡಿ ಎಲೆ, ಕಾಯಿ ಎಷ್ಟಿವೆ ಅಂತ ಅಂದಾಜಿನಲ್ಲೇ ಹೇಳಿಬಿಡುತ್ತಾನೆ. ನಳ ಇಳಿದು ಎಣಿಸಿ ನೋಡಿದರೆ ಸರಿ ಇರುತ್ತದೆ. ಆ ವಿದ್ಯೆಯ ಹೆಸರು ಅಕ್ಷಹೃದಯ. ನಳ ಅದನ್ನು ಕಲಿತು ಮತ್ತೆ ಪುಷ್ಕರನೆದುರು ಕೂತು ಎಲ್ಲವನ್ನೂ ವಾಪಸ್ ಗೆಲ್ಲುತ್ತಾನೆ. ಲೆಕ್ಕ ಕಲಿತವನು ಗೆದ್ದ ಕಥೆಯಲ್ಲವೇ ಅಂತ ನೀನು ಹಿಡಿದುಕೊಳ್ಳಬಹುದು. ಆದರೆ ನಳನ ಎದುರು ಕೂತವನು ಮನುಷ್ಯ, ತಪ್ಪು ಮಾಡಬಲ್ಲವನು. ಪಣ ಇಬ್ಬರದೂ ಸಮ. ನಿನ್ನ ಎದುರು ಕೂತದ್ದು ಒಂದು ಸೂತ್ರ. ಋತುಪರ್ಣನೇ ಬಂದು ಹೇಳಿಕೊಟ್ಟರೂ ಅವನು ಹೇಳುವುದು 97ನ್ನು ಎತ್ತರದಿಂದ ಭಾಗಿಸು ಅಂತ ಮಾತ್ರ, ಆ ಮುನ್ನೂರನ್ನು ಕಡಿಮೆ ಮಾಡುವ ವಿದ್ಯೆ ಅವನ ಹತ್ತಿರವೂ ಇಲ್ಲ.

ಇಷ್ಟು ಹೊತ್ತು ಆಟ ಪ್ರಾಮಾಣಿಕ ಅಂತ ಒಪ್ಪಿಕೊಂಡೇ ಮಾತಾಡಿದೆ. ಈಗ ನಿನಗೆ ಸಿಗುತ್ತಿರುವುದು ಅದೂ ಅಲ್ಲ. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಆನ್‌ಲೈನ್ ಜೂಜು ನಿಲ್ಲಿಸಲು ಹೋಗಿತ್ತು, 2022ರ ಫೆಬ್ರುವರಿಯಲ್ಲಿ ಹೈಕೋರ್ಟು ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಆಮೇಲೆ 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾಯ್ದೆ ತಂದಿತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟವನ್ನು, ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ಯಾರೂ ಒದಗಿಸುವಂತಿಲ್ಲ, ಜಾಹೀರಾತು ಕೊಡುವಂತಿಲ್ಲ, ಬ್ಯಾಂಕುಗಳು ಅದಕ್ಕೆ ದುಡ್ಡು ಸಾಗಿಸುವಂತಿಲ್ಲ. ನಡೆಸಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಆಡಿದವನನ್ನು ಅದು ಅಪರಾಧಿ ಅನ್ನುವುದಿಲ್ಲ. ಹಾಗಾಗಿ ಈಗ ಉಳಿದಿರುವುದು ವಾಟ್ಸಾಪಿನಲ್ಲಿ "ಐಡಿ", ಅಂದರೆ ಆಟದ ಲಾಗಿನ್, ಕೊಡುವವರು. 97 ಅಂತ ಅವರ ಪರದೆಯ ಮೇಲೆ ಬರೆದಿದ್ದರೆ ಅದನ್ನು ಪರೀಕ್ಷಿಸಿದವರು ಯಾರೂ ಇಲ್ಲ. ಗೆದ್ದ ದುಡ್ಡು ಕೊಡದಿದ್ದರೆ ಕೇಳಲು ಒಂದು ಬಾಗಿಲೂ ಇಲ್ಲ.

ಬ್ಯಾಂಕಿನವಳಾಗಿ ನನಗೆ ಹೆಚ್ಚು ಹೆದರಿಕೆ ಇರುವುದು ಇಲ್ಲಿ. ನೀನು ಯುಪಿಐ ಮಾಡುವ ಖಾತೆಗಳು ಪ್ರತಿಸಲ ಬೇರೆ ಬೇರೆ ಹೆಸರಿನವು, ಗಮನಿಸಿದ್ದೀಯಾ? ಅವು ಬಾಡಿಗೆ ಖಾತೆಗಳು. ಯಾರೋ ಅಜ್ಜಿಗೆ ಡಿಜಿಟಲ್ ಅರೆಸ್ಟ್ ಅಂತ ಹೆದರಿಸಿ ಕಿತ್ತ ದುಡ್ಡೂ ಅದರಲ್ಲೇ ಓಡಾಡಬಹುದು. ಅಲ್ಲಿಂದ ನಿನಗೆ "ಗೆದ್ದದ್ದು" ಎರಡು ಸಾವಿರ ಬಂತು ಅಂದುಕೋ. ಆ ದುಡ್ಡಿನ ಜಾಡು ಹಿಡಿದ ಸೈಬರ್ ಪೊಲೀಸರು ನಿನ್ನ ಸಂಬಳದ ಖಾತೆಯನ್ನು ಫ್ರೀಜ್ ಮಾಡಿಸುತ್ತಾರೆ, ಬಿಡಿಸಲು ಬೇರೆ ರಾಜ್ಯದ ಠಾಣೆಗೆ ಅಲೆಯಬೇಕಾಗಬಹುದು. ಸೋತವನಿಗಿಂತ ಗೆದ್ದವನಿಗೇ ಈ ಕಷ್ಟ ಹೆಚ್ಚು. ಹಾಗೇ, "ನಿನ್ನ ಅಕೌಂಟು ಕೊಡು, ತಿಂಗಳಿಗೆ ಇಷ್ಟು ಕೊಡ್ತೀವಿ" ಅಂತ ಯಾರಾದರೂ ಕೇಳಿದರೆ ಆ ನಂಬರನ್ನು ಬ್ಲಾಕ್ ಮಾಡಿ ಮೊದಲು ನನಗೆ ಫೋನ್ ಮಾಡು.

ನಾನು ಸರ್ವಿಸಿನಲ್ಲಿದ್ದ ಕೊನೆಯ ದಿನಗಳಲ್ಲಿ ಒಬ್ಬ ಹುಡುಗ ಬಂದಿದ್ದ, ಹೆಚ್ಚುಕಮ್ಮಿ ನಿನ್ನದೇ ವಯಸ್ಸು. ಬೈಕಿನ ಇಎಂಐ ಯಾಕೆ ಬೌನ್ಸ್ ಆಯಿತು ಅಂತ ಜಗಳಕ್ಕೆ ನಿಂತ. ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದುಕೊಟ್ಟೆ. ಒಂದೇ ತಾರೀಖು ಒಂದೂವರೆ ಪುಟ. 200, 200, 500, 200, 1000, 300. ನಡುನಡುವೆ ಕ್ರೆಡಿಟ್ಟುಗಳೂ ಇದ್ದವು, 900, 1400. ಅವನ ಬೆರಳು ಬರೀ ಕ್ರೆಡಿಟ್ ಕಾಲಮ್ಮಿನ ಮೇಲೆ ಜಾರುತ್ತಾ ಹೋಯಿತು: "ನೋಡಿ ಮೇಡಂ, ದುಡ್ಡು ಬರ್ತಾನೇ ಇದೆಯಲ್ಲ." ಪಕ್ಕದ ಕಾಲಮ್ಮನ್ನು ಅವನು ಓದಲೇ ಇಲ್ಲ. ಕಂಪ್ಯೂಟರಿನಲ್ಲಿ ಎರಡನ್ನೂ ಕೂಡಿಸಿ ಚೀಟಿಯಲ್ಲಿ ಬರೆದುಕೊಟ್ಟೆ. ಸ್ವಲ್ಪ ಹೊತ್ತು ನೋಡಿ, ಈ ಮೊತ್ತದಲ್ಲಿ ಏನೋ ತಪ್ಪಿದೆ ಅಂತ ಹೇಳಿ ಮತ್ತೊಮ್ಮೆ ಕೂಡಿಸಲು ಹೇಳಿದ.

ನಿನಗೂ ಅದೇ ಕೆಲಸ ಹಚ್ಚುತ್ತೇನೆ. ಈ ಭಾನುವಾರ ಬಾ, ಬರುವಾಗ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತಾ. ಐಡಿಯೊಳಗೆ ಬೆಟ್ ಹಿಸ್ಟರಿ ಇರುತ್ತದಲ್ಲ, ಅದನ್ನೂ ಡೌನ್‌ಲೋಡ್ ಮಾಡು, ಅವರು ಐಡಿ ಮುಚ್ಚಿದರೆ ಆಮೇಲೆ ಸಿಗುವುದಿಲ್ಲ. ಮೂರು ಮೊತ್ತ ಬೇಕು: ಹಾಕಿದ್ದು, ವಾಪಸ್ ತೆಗೆದದ್ದು, ಆಡಿದ ಒಟ್ಟು ಬೆಟ್ಟುಗಳ ಮೊತ್ತ. ಮೂರನೆಯದು ಮೊದಲನೆಯದರ ಎಷ್ಟು ಪಟ್ಟು ಅಂತ ನೋಡೋಣ. ನಾನು ಹೇಳಿದ ಮೂರು ಪರ್ಸೆಂಟ್ ಸರಿ ಹೊಂದದೆ ನಷ್ಟ ಅದಕ್ಕಿಂತ ಬಹಳ ಹೆಚ್ಚು ಬಂದರೆ ಅದಕ್ಕೂ ಒಂದು ಅರ್ಥ ಇದೆ, ಅದನ್ನೂ ಮಾತಾಡೋಣ.

ಲೋನ್ ಆಪ್‌ಗಳಲ್ಲಿ ತೆಗೆದದ್ದು ಇದ್ದರೆ ಮುಚ್ಚಿಡಬೇಡ, ಬೇರೆ ಹಾಳೆಯಲ್ಲಿ ಬರೆದುಕೊಂಡು ಬಾ, ಯಾವುದಕ್ಕೆ ಎಷ್ಟು ಬಡ್ಡಿ ಅಂತ. ಜಾಸ್ತಿ ಬಡ್ಡಿಯದನ್ನು ಮೊದಲು ತೀರಿಸುವ ದಾರಿ ಹುಡುಕೋಣ. ನಿಮ್ಮಪ್ಪನಿಗೆ ಯಾವಾಗ, ಹೇಗೆ ಹೇಳಬೇಕು ಅನ್ನುವುದು ಆಮೇಲಿನ ಮಾತು, ನಾನು ಜೊತೆಗಿರುತ್ತೇನೆ. ಲೆಕ್ಕ ಎಲ್ಲ ಅರ್ಥವಾದ ಮೇಲೂ ರಾತ್ರಿ ಬೆರಳು ಅಲ್ಲಿಗೇ ಹೋಗುತ್ತಿದ್ದರೆ ಅದು ಲೆಕ್ಕದಿಂದ ವಾಸಿಯಾಗುವಂಥದ್ದಲ್ಲ. ನಿನ್ನ ಊರಲ್ಲೇ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಇಂಥದಕ್ಕೆಂದೇ ಶಟ್ ಅನ್ನುವ ಕ್ಲಿನಿಕ್ 2014ರಿಂದ ಇದೆ. ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಿ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ಕಾಸು ಬೇಡ. ಹೋಗುವುದಾದರೆ ನಾನೂ ಬರುತ್ತೇನೆ.

ಭಾನುವಾರ ಹತ್ತು ಗಂಟೆಗೆ ಬಾ, ತಿಂಡಿ ಇಲ್ಲೇ. ಕ್ಯಾಲ್ಕುಲೇಟರ್ ತರಬೇಡ, ನನ್ನ ಹತ್ತಿರ ಇದೆ.

ನಿನ್ನ ಅತ್ತೆ